ಕಜ್ಜಿ ಎಂಬ ಒಂದೇ ಹೆಸರು, ಆಯಿಲ್ ಎಂಬ ಒಂದೇ ಮದ್ದು

ಕಳೆದ ತಿಂಗಳು ಕುಮಟೆಯ ಬಸ್ ನಿಲ್ದಾಣದಲ್ಲಿ ಹೊನ್ನಾವರದ ಬಸ್ಸಿಗಾಗಿ ಕಾಯುತ್ತಿದ್ದೆ. ಮೈಯ ಕೂದಲೆಲ್ಲ ಉದುರಿ, ಚರ್ಮ ದಪ್ಪಗೆ ಸುಕ್ಕುಗಟ್ಟಿದ ಹೆಣ್ಣುನಾಯಿಯೊಂದು ಬಂದು ಬೆಂಚಿನ ಕೆಳಗೆ ಮಲಗಿತು. ಕೂಡಲೇ ಪಕ್ಕದವರೊಬ್ಬರು ಎದ್ದು ಛತ್ರಿಯಿಂದ ಅದರ ಬೆನ್ನಿಗೆ ಬಾರಿಸಿದರು. ಅಲ್ಲಿಯೇ ನಿಂತಿದ್ದ, ಈಗ ರಿಕ್ಷಾ ಓಡಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಅದು ಕಜ್ಜಿ ನಾಯಿ. ಗ್ಯಾರೇಜಿನಿಂದ ಹಳೆ ಆಯಿಲ್ ತಂದು ಮೈಮೇಲೆ ಸುರಿದರೆ ಎಂಟು ದಿನದಲ್ಲಿ ಗುಣವಾಗುತ್ತದೆ" ಎಂದ.

ಅವನಿಗೆ ಎಂಟನೆಯ ತರಗತಿಯಲ್ಲಿ ವಿಜ್ಞಾನ ಕಲಿಸಿದವನು ನಾನೇ. ಆದ್ದರಿಂದ ಈ ಬರಹದ ಸಿಟ್ಟು ಅವನೊಬ್ಬನ ಮೇಲಲ್ಲ. ಅದರಲ್ಲಿ ಅರ್ಧಪಾಲು ನನ್ನ ಮೇಲೆಯೇ ಇದೆ. ಏಕೆಂದರೆ ಆ ಮದ್ದನ್ನು ನಾನೂ ಮಾಡಿದ್ದೇನೆ.

1992ರ ಮಳೆಗಾಲ. ಹೊನ್ನಾವರದ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಕರಿಯನ ಕಿವಿಯಂಚು, ಮೊಣಕೈ, ಹೊಟ್ಟೆಯ ಕೂದಲು ಉದುರತೊಡಗಿತು. ಹಗಲಿರುಳೂ ಕೆರೆದುಕೊಳ್ಳುತ್ತಿದ್ದ. ಮನೆಯಲ್ಲಿ ಸಣ್ಣ ಮಕ್ಕಳು, ನನಗೆ ಹೆದರಿಕೆ. ಬಿ.ಎಡ್. ಮಾಡಿದ ವಿಜ್ಞಾನದ ಮಾಸ್ತರನಾದ ನಾನು, ಯಾರೋ ಹೇಳಿದರೆಂದು, ಒಂದು ಡಬ್ಬಿ ಹಳೆಯ ಆಯಿಲ್ ತಂದು ಅವನ ಮೈತುಂಬ ಹಚ್ಚಿದೆ. ರಾತ್ರಿಯಿಡೀ ಅವನು ಮೈ ನೆಕ್ಕಿಕೊಂಡ. ಬೆಳಿಗ್ಗೆ ವಾಂತಿ. ಮರುದಿನದಿಂದ ಗಂಜಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಹಿತ್ತಲಿನಲ್ಲಿ ಗುಂಡಿ ತೋಡಿದೆವು. "ಕಜ್ಜಿ ಒಳಗೆ ಹೋಗಿತ್ತು" ಎಂದರು ನೆರೆಯವರು. ನಾನೂ ಹೌದೆಂದೆ. ಒಳಗೆ ಹೋದದ್ದು ಕಜ್ಜಿಯಲ್ಲ, ನಾನು ಹಚ್ಚಿದ ವಿಷ ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಎಂಜಿನ್ನಿನಲ್ಲಿ ಬಳಸಿ ತೆಗೆದ ಆಯಿಲ್ಲಿನಲ್ಲಿ ಲೋಹದ ಸವಕಲು ಇರುತ್ತದೆ, ಇಂಧನ ಉರಿದಾಗ ಹುಟ್ಟಿದ ವಿಷಕಾರಿ ರಾಸಾಯನಿಕಗಳಿರುತ್ತವೆ. ಅದು ಹುಣ್ಣಾದ ಚರ್ಮವನ್ನು ಸುಡುತ್ತದೆ. ನೆಕ್ಕಿದಾಗ ಹೊಟ್ಟೆ ಸೇರುತ್ತದೆ. ಸೀಮೆಎಣ್ಣೆ, ಫಿನೈಲುಗಳ ಕಥೆಯೂ ಇದಕ್ಕಿಂತ ಮೇಲಲ್ಲ.

"ನಮ್ಮ ನಾಯಿಗೆ ಅದರಿಂದಲೇ ಗುಣವಾಯಿತಲ್ಲ" ಎನ್ನುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರಿಗೆ ನನ್ನ ಉತ್ತರವಿದು. ಡೆಮೊಡೆಕ್ಸ್ ಎಂಬ ನುಸಿಯೊಂದಿದೆ. ಹುಟ್ಟಿದ ಮೊದಲ ದಿನಗಳಲ್ಲಿ, ಹಾಲು ಕುಡಿಯುವಾಗ, ತಾಯಿಯಿಂದ ಮರಿಗೆ ಬಂದು ಕೂದಲಿನ ಬುಡದಲ್ಲಿ ನೆಲೆಸುತ್ತದೆ. ಹೆಚ್ಚಿನ ನಾಯಿಗಳಲ್ಲಿ ಅದರಿಂದ ತೊಂದರೆಯೇ ಇಲ್ಲ. ಮರಿಯ ರೋಗನಿರೋಧಕ ಶಕ್ತಿ ಕುಂದಿದಾಗ ಮುಖದ ಮೇಲೆ, ಕಾಲಿನ ಮೇಲೆ ಒಂದೆರಡು ಕಡೆ ಕೂದಲು ಉದುರುತ್ತದೆ. ಮರಿ ಬೆಳೆದಂತೆ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಗುಣಪಡಿಸಿದ್ದು ಮರಿಯ ಮೈ. ಕೀರ್ತಿ ಮಾತ್ರ ಆಯಿಲ್ ಡಬ್ಬಿಗೆ!

ಕೂದಲು ಉದುರುವುದು ರೋಗದ ಹೆಸರಲ್ಲ, ಲಕ್ಷಣ. ಜ್ವರಕ್ಕೆಲ್ಲ ಒಂದೇ ಮಾತ್ರೆ ಇಲ್ಲವೆಂದು ನಮಗೆ ಗೊತ್ತಿದೆ. ಆದರೆ ನಾಯಿಯ ವಿಷಯಕ್ಕೆ ಬಂದರೆ ಎಲ್ಲಕ್ಕೂ ‘ಕಜ್ಜಿ’ ಎಂಬ ಒಂದೇ ಹೆಸರು. ನಿಜವಾದ ಕಜ್ಜಿಯನ್ನು ತರುವುದು ಸಾರ್ಕಾಪ್ಟಿಸ್ ಎಂಬ, ಚರ್ಮದೊಳಗೆ ಸುರಂಗ ಕೊರೆಯುವ ನುಸಿ. ಕಜ್ಜಿಗೆ ಕಾರಣ ಕೆಟ್ಟ ರಕ್ತವಲ್ಲ, ಈ ಬಗೆಯ ಜೀವಿ ಎಂದು ಇಟಲಿಯ ಬೊನೊಮೊ ಬರೆದದ್ದು 1687ರಲ್ಲಿ. ಬಾಲದ ಬುಡ, ಸೊಂಟದ ಕೂದಲು ಹೋಗಿದ್ದರೆ ಚಿಗಟದ ಜೊಲ್ಲಿನ ಅಲರ್ಜಿ ಇರಬಹುದು. ದುಂಡಗೆ ಬೋಳಾಗಿದ್ದರೆ ಶಿಲೀಂಧ್ರದಿಂದ ಬರುವ ಗಜಕರ್ಣವಿರಬಹುದು. ಚಪ್ಪಲಿ, ಛತ್ರಿಗಳಿಗೂ ಬೂಷ್ಟು ಹಿಡಿಯುವ ನಮ್ಮ ಕರಾವಳಿಯ ಮಳೆಗಾಲದಲ್ಲಿ ನಾಯಿಯ ಒದ್ದೆ ಚರ್ಮ ಮಾತ್ರ ಹೇಗೆ ಉಳಿದೀತು? ಆಹಾರ ಒಗ್ಗದಿರುವುದು, ಬರಿಯ ಗಂಜಿಯಿಂದಾದ ಅಪೌಷ್ಟಿಕತೆ ಇವೂ ಕಾರಣಗಳೇ.

ಭಟ್ಕಳದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯ ನಾಯಿಗೆ ಎರಡೂ ಪಕ್ಕೆಗಳ ಕೂದಲು ಒಂದೇ ಸಮನಾಗಿ ಹೋಗಿತ್ತು. ತುರಿಕೆಯೇ ಇರಲಿಲ್ಲ. ಮೈ ಬಂದಿತ್ತು, ಸದಾ ಮಂಕು. ಜಗುಲಿಯ ಮೇಲೆ ಮಲಗುತ್ತಿದ್ದ ಅದನ್ನು ಕಜ್ಜಿಯೆಂದು ಸೌದೆ ಮನೆಯಲ್ಲಿ ಕಟ್ಟಿದರು. ತಿಂಗಳುಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಥೈರಾಯ್ಡ್ ಕೊರತೆ. ಯಾರಿಗೂ ಅಂಟದ ಕಾಯಿಲೆ! ದಿನವೂ ಮಾತ್ರೆ ಕೊಟ್ಟ ಮೇಲೆ ಕೂದಲು ಮರಳಿ ಬಂತು, ನಾಯಿಯೂ ಜಗುಲಿಗೆ ಮರಳಿತು.

1998ರ ಅನಂತರ ತೆಂಗಿನಕಾಯಿಗೆ ನುಸಿ ಬಿದ್ದ ಕಾಲ ನಿಮಗೆ ನೆನಪಿರಬಹುದು. ಆಗ ನಾವು ಮರಕ್ಕೆ ಗ್ಯಾರೇಜಿನ ಆಯಿಲ್ ಸುರಿದೆವೇ? ಮರವನ್ನು ಛತ್ರಿಯಿಂದ ಹೊಡೆದೆವೇ? ಇಲ್ಲ. ಕಾಯಿ ಹಿಡಿದುಕೊಂಡು ತಿಳಿದವರ ಬಳಿಗೆ ಓಡಿದೆವು. ತೆಂಗು ದುಡ್ಡು ಕೊಡುತ್ತದೆ, ನಾಯಿ ಕೊಡುವುದಿಲ್ಲ. ವ್ಯತ್ಯಾಸ ಅಷ್ಟೇ.

"ಮಕ್ಕಳಿಗೆ ಅಂಟುತ್ತದೆಯಲ್ಲ ಸರ್" ಎಂಬುದು ಇನ್ನೊಂದು ಆಕ್ಷೇಪ. ಕೆಲವು ಅಂಟುತ್ತವೆ, ನಿಜ. ಗಜಕರ್ಣ ಅಂಟುತ್ತದೆ. ನಾಯಿಯ ಸಾರ್ಕಾಪ್ಟಿಸ್ ಮನುಷ್ಯರಿಗೂ ಕೆಲಕಾಲ ತುರಿಕೆ ತರುತ್ತದೆ, ಆದರೆ ನಮ್ಮ ಚರ್ಮದಲ್ಲಿ ಸಂತಾನ ಬೆಳೆಸಲಾರದು. ಡೆಮೊಡೆಕ್ಸ್ ನಾಯಿಯಿಂದ ನಮಗೆ ಬರುವುದೇ ಇಲ್ಲ. ಅಂಟುವ ರೋಗವಾದರೆ ಅದಕ್ಕೆ ಚಿಕಿತ್ಸೆ ಮೊದಲು ಆಗಬೇಕು. ಓಡಿಸಿದರೆ ರೋಗ ಪಕ್ಕದ ಕೇರಿಗೆ ಹೋಗುತ್ತದೆಯೇ ಹೊರತು ಊರು ಬಿಡುವುದಿಲ್ಲ. ಕಜ್ಜಿಗೂ ಹುಚ್ಚಿಗೂ ಸಂಬಂಧವಿಲ್ಲವೆಂಬುದನ್ನೂ ತಿಳಿಯಿರಿ. ಆದರೆ ಯಾವ ನಾಯಿ ಕಚ್ಚಿದರೂ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಲಸಿಕೆಗೆ ಓಡಲೇಬೇಕು.

"ಬೀದಿನಾಯಿಗೆ ಔಷಧ ಹಾಕುವವರು ಯಾರು?" ಇದು ಮೂರನೆಯ ಆಕ್ಷೇಪ. ಹಿಂದೆ ಕಷ್ಟವಿತ್ತು, ಒಪ್ಪುತ್ತೇನೆ. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಹುಟ್ಟಿದ ಐವರ್‌ಮೆಕ್ಟಿನ್ ಔಷಧಕ್ಕಾಗಿ ಒಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಕೋಲಿಯಂಥ ಕೆಲವು ತಳಿಗಳಿಗೆ ಅದು ಅಪಾಯಕಾರಿ. ಆದ್ದರಿಂದ ಅಂಗಡಿಯಿಂದ ತಂದು ನೀವೇ ಕೊಡಬಾರದು. ಈಗ ತಿನಿಸಿನಲ್ಲಿಟ್ಟು ನುಂಗಿಸುವ ಇನ್ನೂ ಹೊಸ ಮಾತ್ರೆಗಳಿವೆ. ಮೂರೂ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಇಲ್ಲದಿರುವುದು ಮನಸ್ಸು ಮಾತ್ರ. ಭೈರವನ ವಾಹನವೆಂದು ಕೈಮುಗಿಯುತ್ತೇವೆ; ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಹೊರಗೆ ಬಂದು ಛತ್ರಿ ಎತ್ತುತ್ತೇವೆ.

ಆ ದಿನ ನಾನು ಹೊನ್ನಾವರದ ಬಸ್ ಹತ್ತಲಿಲ್ಲ. ಕರಿಯನ ಕಥೆಯನ್ನು ಆ ಹುಡುಗನಿಗೆ ಅಲ್ಲಿಯೇ ಹೇಳಿದೆ. ಅವನು ಮಾತಾಡಲಿಲ್ಲ, ಹಳೆಯ ಗೋಣಿಚೀಲ ತಂದು ನಾಯಿಯನ್ನು ಸುತ್ತಿ ತನ್ನ ರಿಕ್ಷಾದಲ್ಲಿಯೇ ಮಲಗಿಸಿದ. ವೈದ್ಯರು ಅದರ ಕಿವಿಯಂಚನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಶುದ್ಧವಾದ ಎಣ್ಣೆಯಲ್ಲಿ ಕಲಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹುಡುಗ ಬಗ್ಗಿ ನೋಡಿ, "ಸರ್, ಕಾಲು ಅಲ್ಲಾಡಿಸುತ್ತಾ ಇದೆ!" ಎಂದು ಕೂಗಿದ. ಎಣ್ಣೆಗೆ ಆ ಗಾಜಿನ ಪಟ್ಟಿಯೇ ತಕ್ಕ ಜಾಗ.

ಮುಂದಿನ ಮಾತ್ರೆಯನ್ನು ಬಂಗಡೆ ಮೀನಿನೊಳಗಿಟ್ಟು ತಿನ್ನಿಸಿದವನೂ ಅವನೇ. ನಾಯಿಯ ತುರಿಕೆ ಇಳಿದಿದೆ. ಬೆನ್ನಿನ ಮೇಲೆ ನವಿರಾದ ಕಂದು ಕೂದಲು ಮೂಡುತ್ತಿದೆಯೆಂದು ನಿನ್ನೆ ಫೋನು ಮಾಡಿದ್ದ.

ನಿಮ್ಮ ಕೇರಿಯಲ್ಲಿಯೂ ಅಂಥದೊಂದು ನಾಯಿ ಇರುತ್ತದೆ. ಡಬ್ಬಿ ಕೆಳಗಿಡಿ. ಮೊದಲು ಕಾರಣ ಹುಡುಕಿ.