ಬಣ್ಣ ಬಿಟ್ಟ ಹೂವು, ಬಾಯಿ ಮುಚ್ಚಿದ ವಂಶವಾಹಿ

ವಂಶವಾಹಿಯೊಂದನ್ನು ಬೀಜದೊಳಗೆ ಸೇರಿಸಿದರೆ ಅದರ ಗುಣವೂ ಸೇರಿತು, ಅಲ್ಲಿಗೆ ಕೆಲಸ ಮುಗಿಯಿತು. ಕುಲಾಂತರಿ ಬೀಜಗಳ ಪರ ವಾದಿಸುವವರು ರೈತರ ಮುಂದಿಡುವ ಲೆಕ್ಕ ಇಷ್ಟು ಸರಳವಾದುದು. ಈ ಲೆಕ್ಕ ತಪ್ಪೆಂದು ತೋರಿಸಿದವನು ಯಾವ ಚಳವಳಿಗಾರನೂ ಅಲ್ಲ. ಪ್ರಯೋಗಾಲಯದಿಂದ ಬಯಲಿಗೆ ಬಂದ ಒಂದು ಹೂಗಿಡವೇ ಅದನ್ನು ತೋರಿಸಿಕೊಟ್ಟಿತು.

ಜರ್ಮನಿಯ ಕಲೋನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಮೆಕ್ಕೆಜೋಳದ ‘ಎ1’ ಎಂಬ ವಂಶವಾಹಿಯನ್ನು ಪೆಟೂನಿಯಾ ಗಿಡಕ್ಕೆ ಸೇರಿಸಿ ಇಟ್ಟಿಗೆಗೆಂಪಿನ ಹೂವನ್ನು ಪಡೆದದ್ದು 1987ರಲ್ಲಿ ಪ್ರಕಟವಾಯಿತು. 1990ರಲ್ಲಿ ಅಂಥ ಸುಮಾರು 30,000 ಗಿಡಗಳನ್ನು ಬಯಲಿನಲ್ಲಿ ನೆಡಲಾಯಿತು. ಋತುವಿನ ಆರಂಭದಲ್ಲಿ ಕೆಂಪಗಿದ್ದ ಹೂಗಳು ದಿನ ಕಳೆದಂತೆ ಮಾಸಿದವು. ಅನೇಕ ಗಿಡಗಳಲ್ಲಿ ಬಿಳಿ ಹೂಗಳೇ ಬಂದವು. ಸೇರಿಸಿದ ವಂಶವಾಹಿ ಎಲ್ಲಿಯೂ ಓಡಿಹೋಗಿರಲಿಲ್ಲ. ಅದನ್ನು ಎಚ್ಚರಿಸಬೇಕಾದ ಭಾಗಕ್ಕೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಅಂಟಿಕೊಂಡು ಅದರ ಬಾಯಿ ಮುಚ್ಚಿಸಿದ್ದವು. ಬಯಲಿನ ಹವೆಯೂ, ಬೀಜ ಕೊಟ್ಟ ತಾಯಿಗಿಡದ ವಯಸ್ಸೂ ಇದರ ಮೇಲೆ ಪ್ರಭಾವ ಬೀರಿದ್ದವು. ವಂಶವಾಹಿಯ ಅಕ್ಷರಗಳನ್ನು ತಿದ್ದದೆಯೇ ಅದರ ನಡೆಯನ್ನು ಬದಲಿಸುವ ಇಂಥ ನಿಯಂತ್ರಣವನ್ನು ವಿಜ್ಞಾನಿಗಳು ಎಪಿಜೆನೆಟಿಕ್ ಎನ್ನುತ್ತಾರೆ.

ಅದೇ 1990ರಲ್ಲಿ ಅಮೆರಿಕದಲ್ಲಿ, ನೇರಳೆ ಪೆಟೂನಿಯಾದ ಬಣ್ಣವನ್ನು ಗಾಢಗೊಳಿಸಲೆಂದು ಬಣ್ಣದ ವಂಶವಾಹಿಯ ಇನ್ನೊಂದು ಪ್ರತಿಯನ್ನು ಸೇರಿಸಲಾಯಿತು. ಹಲವು ಗಿಡಗಳು ಅಚ್ಚಬಿಳಿ ಹೂ ಬಿಟ್ಟವು. ಸೇರಿಸಿದ ಪ್ರತಿಯ ಜೊತೆಗೆ ಗಿಡದ ಸ್ವಂತದ್ದೂ ಸುಮ್ಮನಾಗಿತ್ತು. ಕೂಡಿಸಿದರೆ ಕಳೆಯುವ ಗಣಿತ ಗಿಡಗಳಲ್ಲಿದೆ.

ಹೂವಿನ ಬಣ್ಣ ಹೋದರೆ ಯಾರಿಗೂ ನಷ್ಟವಿಲ್ಲ ಎನ್ನಬಹುದು. ಆದರೆ ಕಲೋನಿನ ಹೂಗಳಲ್ಲಿ ಮೌನಕ್ಕೆ ಶರಣಾದ ಆ ಭಾಗ ಯಾವುದು? ಹೂಕೋಸಿನ ವೈರಸ್ಸೊಂದರಿಂದ ತೆಗೆದ ‘35ಎಸ್’ ಎಂಬ ಪ್ರೊಮೋಟರ್. ಭಾರತದ ಬಿಟಿ ಹತ್ತಿಯಲ್ಲಿಯೂ, ಬಿಟಿ ಬದನೆಯಲ್ಲಿಯೂ ಕೀಟನಾಶಕ ವಂಶವಾಹಿಯನ್ನು ನಡೆಸಲು ಅದರದೇ ರೂಪಗಳನ್ನು ಬಳಸಲಾಗಿದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟಿ ಹತ್ತಿಯ ವಿಷಾಂಶ ಗಿಡಕ್ಕೆ ವಯಸ್ಸಾದಂತೆ ಕುಗ್ಗುತ್ತದೆ, ಕಾಯಿಕೊರಕ ಹುಳು ತಿನ್ನುವ ಮೊಗ್ಗು ಮತ್ತು ಕಾಯಿಯ ಸಿಪ್ಪೆಯಲ್ಲಿಯೇ ಅದು ಕಡಿಮೆ ಎಂದು ಕಂಡುಬಂತು. ಈ ಕುಸಿತಕ್ಕೆ ಮೀಥೈಲ್ ಗುರುತುಗಳೇ ಕಾರಣವೆಂದು ಹೇಳಲಾಗದು. ಆದರೆ ಬೀಜದ ಪೊಟ್ಟಣದ ಮೇಲಿನ ಭರವಸೆ ಹೊಲದಲ್ಲಿ ಕೊನೆಯವರೆಗೆ ನಿಲ್ಲಲಿಲ್ಲವೆಂಬುದು ನಿಜ. ಪೊಟ್ಟಣಕ್ಕೆ ತೆತ್ತ ಹಣವನ್ನಾಗಲೀ, ಮತ್ತೆ ಹೊಡೆದ ಔಷಧಿಯ ಖರ್ಚನ್ನಾಗಲೀ ರೈತನಿಗೆ ಮರಳಿಸುವವರು ಯಾರು?

ಕುಲಾಂತರಿ ಎಂದೊಡನೆ ವಿಷವೆಂದು ಕೂಗುವುದು ಇದಕ್ಕೆ ಉತ್ತರವಲ್ಲ. ಅಂಥ ಕೂಗಿನಿಂದ ಚಳವಳಿಗೇ ಹಾನಿ. ಬೀಜ ಮಾರುವವರ ಆತ್ಮವಿಶ್ವಾಸಕ್ಕೆ ಆಧಾರವೇನು ಎಂಬುದೇ ನಿಜವಾದ ಪ್ರಶ್ನೆ. ಆ ಪೆಟೂನಿಯಾದ ಕಥೆ 1990ಕ್ಕೆ ಮುಗಿಯಲಿಲ್ಲ. ಅದೇ ‘ಎ1’ ವಂಶವಾಹಿಯುಳ್ಳ ಕಿತ್ತಳೆ ಬಣ್ಣದ ಹೂಗಿಡಗಳು ಯುರೋಪು ಮತ್ತು ಅಮೆರಿಕದ ಅಂಗಡಿಗಳಲ್ಲಿ ಅನುಮತಿಯಿಲ್ಲದೆ ಮಾರಾಟವಾಗುತ್ತಿದ್ದುದು 2017ರಲ್ಲಿ ಫಿನ್ಲೆಂಡಿನಲ್ಲಿ ಮೊದಲು ಬಯಲಾಯಿತು. ಗಿಡಗಳಿಂದ ಅಪಾಯವಿಲ್ಲವೆಂದು ಅಧಿಕಾರಿಗಳು ಹೇಳಿದರು. ಆದರೂ ಕಾವಲಿನ ವ್ಯವಸ್ಥೆ ವರ್ಷಗಟ್ಟಲೆ ಕಣ್ಣು ಮುಚ್ಚಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅಂಥ ಬಿಗಿ ಕಾನೂನಿನ ದೇಶಗಳಲ್ಲಿಯೇ ಹೀಗಾದರೆ, ಘಟ್ಟದ ತಪ್ಪಲಿನ ತರಕಾರಿ ಸಂತೆಯಲ್ಲಿ ಬೀಜದ ಮೂಲವನ್ನು ಪತ್ತೆ ಹಚ್ಚುವವರು ಯಾರು?

ಉಡುಪಿಯ ಮಟ್ಟುಗುಳ್ಳ ಬದನೆಯನ್ನು ವಾದಿರಾಜರು ಕೊಟ್ಟ ಬೀಜವೆಂದು ಜನ ನಂಬಿ ಉಳಿಸಿಕೊಂಡಿದ್ದಾರೆ. ರಾಜ್ಯದ ಇಂಥ ನಾಟಿ ಬದನೆಗಳಿಗೂ ಬಿಟಿ ಸೇರಿಸುವ ಕೆಲಸ ನಡೆದಿತ್ತು. ದೇಶದ ಏಳು ನಗರಗಳಲ್ಲಿ ಸಾರ್ವಜನಿಕ ಅಹವಾಲು ಆಲಿಸಿದ ಬಳಿಕ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರವರಿ 9ರಂದು ಬಿಟಿ ಬದನೆಗೆ ತಡೆ ಹಾಕಿದರು. ಜನ ಕೇಳಿದ ಪ್ರಶ್ನೆಗೆ ಅಂದು ಬೆಲೆ ಬಂದಿತ್ತು. ಆದರೆ 2022ರ ಮಾರ್ಚಿನಲ್ಲಿ ಕೇಂದ್ರವು, ಅನ್ಯ ವಂಶವಾಹಿ ಉಳಿಯದ ಜೀನೋಮ್ ತಿದ್ದುಪಡಿ ತಳಿಗಳನ್ನು ಕುಲಾಂತರಿಗಳಿಗಿರುವ ಕೇಂದ್ರೀಯ ಅನುಮೋದನಾ ಸಮಿತಿಯ ಪರಿಶೀಲನೆಯಿಂದ ಹೊರಗಿಟ್ಟಿತು. 2025ರ ಮೇ ತಿಂಗಳಲ್ಲಿ ಇಂಥ ಎರಡು ಭತ್ತದ ತಳಿಗಳನ್ನು ಘೋಷಿಸಲಾಯಿತು. ಅಕ್ಷರಗಳನ್ನು ಓದಿದರೆ ಸಾಕು, ನಡೆಯೂ ತಿಳಿಯುತ್ತದೆ ಎಂಬ ಹಳೆಯ ನಂಬಿಕೆಯೇ ಈ ವಿನಾಯಿತಿಯ ಹಿಂದಿದೆ. ಪೆಟೂನಿಯಾ ಅದನ್ನು ಎಂದೋ ಮುರಿದಿದೆ.

ಆದುದರಿಂದ ಹೊಸ ತಳಿ ಯಾವುದೇ ಇರಲಿ, ಅದನ್ನು ಹಲವು ಋತು, ಹಲವು ತಲೆಮಾರು, ಮಲೆನಾಡಿನ ಮಳೆಯಲ್ಲಿಯೂ ಬಯಲುಸೀಮೆಯ ಬಿಸಿಲಿನಲ್ಲಿಯೂ ಪರೀಕ್ಷಿಸಬೇಕು. ಪರೀಕ್ಷೆಯ ಅಂಕಿಅಂಶಗಳು ಕನ್ನಡದಲ್ಲಿ ಬಹಿರಂಗವಾಗಬೇಕು. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯಿತಿಗಳಲ್ಲಿ ರಚನೆಯಾಗಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಕಾಗದದಲ್ಲಿ ಮಲಗಿರಬಾರದು; ಊರಿನ ಭತ್ತ, ಬದನೆ, ಮೆಣಸಿನ ತಳಿಗಳನ್ನು ಅವು ದಾಖಲಿಸಬೇಕು. ಈ ಕೆಲಸಕ್ಕೆ ವಿದ್ಯಾರ್ಥಿಗಳ ಕೈಯೂ ಬೇಕು, ಅಜ್ಜಿಯರ ನೆನಪೂ ಬೇಕು. ಪರೀಕ್ಷೆಯಾಗದ ಬೀಜದ ಪರಿಣಾಮವನ್ನು ಕಡೆಗೆ ಉಣ್ಣಬೇಕಾದವರು ಗದ್ದೆಯವರೇ. ಪರೀಕ್ಷೆ ಕೇಳುವ ಹಕ್ಕೂ ಅವರದೇ.