ಗಡಿ ದಾಟುವ ಚಿತ್ರಪಾಠ

ಇಟಲಿಯ ರೆಜಿಯೊ ಎಮಿಲಿಯಾ ಪಟ್ಟಣದ ಶಿಶುಶಾಲೆಗಳಿಂದ ಕಲಾಶಿಕ್ಷಕರು ದಶಕಗಳಿಂದ ಬೇರೆ ದೇಶಗಳಿಗೆ ಹೋಗಿ ಅಲ್ಲಿನ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದಾರೆ. ರೆಜಿಯೊದ ಮಕ್ಕಳ ಕೃತಿಗಳ ಪ್ರದರ್ಶನ 1981ರಲ್ಲೇ ಸ್ಟಾಕ್‌ಹೋಮ್ ತಲುಪಿತ್ತು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ, ಸೇನೆ ಬಿಟ್ಟುಹೋದ ಟ್ಯಾಂಕ್, ಲಾರಿ, ಕುದುರೆಗಳನ್ನು ಮಾರಿದ ಹಣದಿಂದ ಹತ್ತಿರದ ಹಳ್ಳಿಯವರು ಶಾಲೆ ಕಟ್ಟಲು ಹೊರಟರು. ಈ ಪರಂಪರೆಯ ಬೇರು ಅಲ್ಲಿದೆ. ಶಿಶುಶಾಲೆಗೆ ಒಂದು ಚಿತ್ರಶಾಲೆ, ಕಲೆಯಲ್ಲಿ ಪಳಗಿದ ಒಬ್ಬರು ಶಿಕ್ಷಕರು ಬೇಕೇಬೇಕು ಎಂದವರು ಈ ಶಾಲೆಗಳನ್ನು ರೂಪಿಸಿದ ಶಿಕ್ಷಣತಜ್ಞ ಲೋರಿಸ್ ಮಾಲಗುಝಿ.

ಆದರೆ ಹೊರದೇಶಕ್ಕೆ ಹೋಗಬೇಕಾದದ್ದು ಆ ಚಿತ್ರಶಾಲೆಯ ನಕ್ಷೆಯಲ್ಲ, ನೋಡುವ ಅಭ್ಯಾಸ. ಚಿತ್ರ ಬಿಡಿಸುವಾಗ ಮಗು ಏನು ಹೇಳಿತು, ಎಲ್ಲಿ ತಡೆಯಿತು, ಯಾವ ಗೆರೆಯನ್ನು ತಿದ್ದಿತು ಎಂಬುದನ್ನು ರೆಜಿಯೊದ ಶಿಕ್ಷಕರು ಬರೆದಿಡುತ್ತಾರೆ, ಫೋಟೊ ತೆಗೆಯುತ್ತಾರೆ, ಆಮೇಲೆ ಒಟ್ಟಿಗೆ ಕೂತು ಚರ್ಚಿಸುತ್ತಾರೆ. ಇದಕ್ಕೆ ಇಟಲಿಯ ಬಣ್ಣ ಬೇಕಿಲ್ಲ. ಹೋದ ಊರಿನ ಮಣ್ಣು, ಎಲೆ, ಹಳೆಯ ಕಾಗದ ಸಾಕು. ಸಿದ್ಧ ಮಾದರಿ ಹಂಚಿ ನಕಲು ಮಾಡಿಸುವ ತರಬೇತಿ ಎಷ್ಟು ದೂರದಿಂದ ಬಂದರೂ ವ್ಯರ್ಥ. ತರಬೇತುದಾರರನ್ನು ಕರೆಸಿಕೊಳ್ಳುವ ಸರ್ಕಾರಗಳು ಎರಡು ದಿನದ ಕಾರ್ಯಾಗಾರಕ್ಕೆ ತೃಪ್ತಿಪಡದೆ, ವರ್ಷದ ನಂತರ ಅದೇ ಶಿಕ್ಷಕರ ತರಗತಿಗೆ ಅವರು ಮತ್ತೆ ಹೋಗಿ ನೋಡುವ ಖರ್ಚನ್ನೂ ಮೊದಲೇ ತೆಗೆದಿಡಬೇಕು.