ಕಿರಿದಾದ ಉಂಗುರವೇ ಮೇಲೆಂಬುದು ಸರಿಯೆ?

ಬೆರೆತ ದ್ರವಗಳನ್ನು ಬಟ್ಟಿಯಿಳಿಸಿ ಬೇರ್ಪಡಿಸುವ ಕಾರ್ಖಾನೆಗಳಲ್ಲಿ ಎತ್ತರವಾದ ಸ್ತಂಭಗಳಿರುತ್ತವೆ. ಸ್ತಂಭದೊಳಗೆ ಆವಿ ಮೇಲೇರುತ್ತದೆ. ತುದಿಯಲ್ಲಿ ತಣಿದ ದ್ರವದ ಒಂದು ಭಾಗ ಕೆಳಗಿಳಿಯುತ್ತದೆ. ಇವೆರಡೂ ಚೆನ್ನಾಗಿ ಸಂಧಿಸಿದಷ್ಟೂ ಬೇರ್ಪಡಿಕೆ ಪೂರ್ಣವಾಗುತ್ತದೆ. ಅದಕ್ಕಾಗಿ ಒಳಗೆ ಉಂಗುರಗಳನ್ನು ತುಂಬುವುದುಂಟು. ಜರ್ಮನಿಯ ರಸಾಯನಜ್ಞ ಫ್ರೀಡ್ರಿಕ್ ರಾಶಿಗ್ 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದ, ಉದ್ದವೂ ವ್ಯಾಸವೂ ಸಮನಾದ ಉಂಗುರ ಇಂದಿಗೂ ಆತನ ಹೆಸರನ್ನೇ ಹೊತ್ತಿದೆ.

ಈ ಉಂಗುರ ಎಷ್ಟು ದೊಡ್ಡದಿರಬೇಕು? ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು. ಆದುದರಿಂದ ಚಿಕ್ಕದೇ ಮೇಲು ಎಂದು ವಿದ್ಯಾರ್ಥಿಗಳು ಥಟ್ಟನೆ ಉತ್ತರಿಸಬಹುದು. ಇದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ.

25 ಮಿ.ಮೀ. ಅಳತೆಯ ಪಿಂಗಾಣಿ ಉಂಗುರಗಳು ಘನ ಮೀಟರಿಗೆ ಸುಮಾರು 190 ಚದರ ಮೀಟರ್ ಮೇಲ್ಮೈಯನ್ನು ಒದಗಿಸುತ್ತವೆ, 50 ಮಿ.ಮೀ. ಉಂಗುರಗಳು ಅದರ ಅರ್ಧದಷ್ಟನ್ನು ಮಾತ್ರ. ಆದಕಾರಣ ದೊಡ್ಡ ಉಂಗುರಗಳ ಸ್ತಂಭವು ಅಷ್ಟೇ ಕೆಲಸಕ್ಕೆ ಸ್ಥೂಲವಾಗಿ ಇಮ್ಮಡಿ ಎತ್ತರವಿರಬೇಕಾದೀತು. ಇಷ್ಟು ನಿಜ.

ಆದರೆ ಉಂಗುರ ಕಿರಿದಾದರೆ ಆವಿಯ ಹಾದಿಯೂ ಇಕ್ಕಟ್ಟಾಗುತ್ತದೆ. ಆವಿಯ ವೇಗ ಮಿತಿಮೀರಿದೊಡನೆ ಅದು ಇಳಿಯುವ ದ್ರವವನ್ನು ತಡೆಹಿಡಿಯುತ್ತದೆ. ಸ್ತಂಭ ದ್ರವದಿಂದ ತುಂಬಿ ಬೇರ್ಪಡಿಕೆಯೇ ಕೆಡುತ್ತದೆ. ಚಿಕ್ಕ ಉಂಗುರಗಳಲ್ಲಿ ಈ ಮಿತಿ ಬೇಗನೆ ಬರುತ್ತದೆ. ಎತ್ತರದಲ್ಲಿ ಉಳಿಸಿದ್ದನ್ನು ಅಗಲದಲ್ಲಿ ತೆರಬೇಕಾಗುತ್ತದೆ.

ಪ್ಲಾಸ್ಟಿಕ್ಕಿಗೆ ಮೂಲವಾದ ಸ್ಟೈರೀನನ್ನೇ ನೋಡಿರಿ. ಅದರ ಕುದಿಬಿಂದು 145° ಸೆ.; ಅದರೊಡನೆ ಬೆರೆತಿರುವ ಈಥೈಲ್ ಬೆಂಜೀನಿನದು 136° ಸೆ. ಅಂತರ ಅಲ್ಪ; ಆದುದರಿಂದ ಸ್ತಂಭ ಸಮರ್ಥವಾಗಿರಬೇಕು. ಆದರೆ ಹೆಚ್ಚು ಕಾಯಿಸಿದರೆ ಸ್ಟೈರೀನಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಈ ಕಾರಣದಿಂದ ಒತ್ತಡವನ್ನು ತಗ್ಗಿಸಿ, ಕಡಿಮೆ ಉಷ್ಣತೆಯಲ್ಲಿ ಬಟ್ಟಿಯಿಳಿಸುತ್ತಾರೆ. ಇಂಥ ಸ್ತಂಭಕ್ಕೆ ತೀರ ಚಿಕ್ಕ ಉಂಗುರಗಳನ್ನು ಸುರಿದು ಅಷ್ಟೇ ಆವಿಯನ್ನು ಹಾಯಿಸಹೊರಟರೆ ಬುಡದಲ್ಲಿ ಒತ್ತಡವೇರುತ್ತದೆ, ಅದರೊಡನೆ ಉಷ್ಣತೆಯೂ ಏರುತ್ತದೆ. ಶುದ್ಧಿಮಾಡಬೇಕಾದ ಸರಕೇ ಹಾಳು!

ಹಾಗೆಂದು ದೊಡ್ಡದೇ ಮೇಲೆನ್ನುವಂತೆಯೂ ಇಲ್ಲ. ಸ್ತಂಭದ ವ್ಯಾಸ ಉಂಗುರದ ಅಳತೆಯ ಎಂಟು ಹತ್ತು ಪಟ್ಟಾದರೂ ಇರದಿದ್ದರೆ ದ್ರವವು ಗೋಡೆಯ ಬದಿಗೆ ಸರಿದು ಜಾರಿಹೋಗುತ್ತದೆ. ಆವಿಗೆ ಅದರ ಭೇಟಿಯೇ ಆಗದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಆದುದರಿಂದ ತರಗತಿಯಲ್ಲಿ ‘ಯಾವ ಉಂಗುರ ಉತ್ತಮ?’ ಎಂದು ಕೇಳುವುದಕ್ಕಿಂತ ‘ಯಾವ ಕೆಲಸಕ್ಕೆ ಯಾವುದು ಉತ್ತಮ?’ ಎಂದು ಕೇಳುವುದು ಲೇಸು. ಒಂದೇ ಗಾಜಿನ ಕೊಳವೆಯಲ್ಲಿ ಎರಡು ಅಳತೆಯ ಉಂಗುರಗಳನ್ನು ಸರದಿಯಂತೆ ತುಂಬಿ, ಬೇರ್ಪಡಿಕೆಯನ್ನೂ ಒತ್ತಡವನ್ನೂ ಜೊತೆಯಾಗಿ ಅಳೆದ ವಿದ್ಯಾರ್ಥಿಗೆ ಈ ಭೇದ ತಾನಾಗಿ ತಿಳಿಯುತ್ತದೆ. ಒಂದು ಗುಣವನ್ನು ಹೆಚ್ಚಿಸಿದಾಗ ಇನ್ನೊಂದರಲ್ಲಿ ಏನನ್ನು ತೆತ್ತೆವೆಂದು ಲೆಕ್ಕವಿಡುವುದೇ ಎಂಜಿನಿಯರನ ವಿವೇಕ.